ಮಾರಿಕಣಿವೆಯ ಸಾಗರವೂ ಪ್ರಜೆಗಳ ಕರವೂ

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೧೬೦ ಕಿಲೋಮೀಟರು ಸಾಗಿದರೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸಿಕ್ಕುವುದು. ಅಲ್ಲಿಂದ ಸುಮಾರು ೨೦ ಕಿಲೋಮೀಟರು ಒಳಕ್ಕೆ ಹೋದರೆ ವಾಣೀವಿಲಾಸಪುರ. ದಾರಿಯುದ್ದಕ್ಕೂ ಕುರುಚಲು ಗಿಡಗಳು, ಬೋಳು ಗುಡ್ಡಗಳು, ಮಳೆಗಾಗಿ ಬಾಯಾರಿ ನಿಂತಂತಿರುವ ಕೆಂಪು ಹೊಲಗಳು. ಇವುಗಳ ನಡುವೆ ಹಠಾತ್ತಾಗಿ ತೆಂಗು ಅಡಕೆಗಳ ಹಸುರು ಕಣ್ಣಿಗೆ ಬಿದ್ದರೆ, ಇಲ್ಲಿ ನಾಲೆಯ ನೀರು ಹರಿಯುತ್ತಿದೆಯೆಂದು ಯಾರೂ ಹೇಳಬೇಕಾದುದಿಲ್ಲ.

ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಹೊಳೆಗಳೆರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನದಿಯು ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಸಂದಿನಲ್ಲಿ ನುಸುಳುವ ಎಡೆಯೇ ಮಾರಿಕಣಿವೆ. ಅಲ್ಲಿರುವ ಕಣಿವೆ ಮಾರಮ್ಮನ ಗುಡಿಯಿಂದ ಸ್ಥಳಕ್ಕೆ ಈ ಹೆಸರು ಬಂದಿದೆ. ಈ ಸಂದನ್ನು ಕಲ್ಲುಗಾರೆಯ ಕಟ್ಟೆಯೊಂದು ಮುಚ್ಚಿದೆ. ಅದರ ಉದ್ದ ೧,೩೦೦ ಅಡಿಗೂ ಎತ್ತರ ೧೪೦ ಅಡಿಗೂ ಮಿಗಿಲು. ಹಿಂದೆ ನಿಲ್ಲಬಲ್ಲ ನೀರು ಸುಮಾರು ೩೦ ಟಿ.ಎಂ.ಸಿ., ಎಂದರೆ ಮೂರು ಸಾವಿರ ಕೋಟಿ ಘನ ಅಡಿ. ಕಟ್ಟೆಯ ಮೇಲೆ ನಿಂತು ಒಂದು ಕಡೆ ಗುಡ್ಡಗಳ ಮಡಿಲಲ್ಲಿ ಹರಡಿದ ಜಲರಾಶಿಯನ್ನೂ, ಮತ್ತೊಂದು ಕಡೆ ಕೆಳಗಣ ತೋಟಗಳನ್ನೂ ನೋಡುವವನಿಗೆ ಕರ, ವ್ಯಯ, ಲೋಕಹಿತ ಎಂಬ ಒಣಮಾತುಗಳು ಕೂಡ ತೇವವುಳ್ಳವಾಗಿ ತೋರುತ್ತವೆ.

ಈ ಕಟ್ಟೆಯ ಕಾರಣವನ್ನು ತಿಳಿಯಬೇಕಾದರೆ ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವನ್ನು ನೆನೆಯಬೇಕು. ೧೮೭೧ರ ಗಣತಿಯಲ್ಲಿ ಸುಮಾರು ೫೦ ಲಕ್ಷವಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಅದೇ ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಬ್ರಿಟಿಷರಿಗೆ ವರ್ಷವರ್ಷವೂ ಲಕ್ಷಗಟ್ಟಲೆ ಕಪ್ಪವನ್ನು ಒಪ್ಪಿಸಬೇಕಾಗಿದ್ದಿತು. ಉಳಿದುದರಲ್ಲಿ ಆಡಳಿತ ನಡೆಯಬೇಕು. ಇಂತಹ ಬಿಗಿಯಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಗಳಾಗಿದ್ದಾಗ, ೧೮೯೮ರಲ್ಲಿ ಕೆಲಸವು ಆರಂಭವಾಯಿತು, ೧೯೦೭ರಲ್ಲಿ ಮುಗಿಯಿತು. ಮಹಾರಾಣಿಯವರ ವಾಣೀವಿಲಾಸ ಸನ್ನಿಧಾನವೆಂಬ ಬಿರುದೇ ಸಾಗರದ ಹೆಸರಾಯಿತು. ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿಯೇ ತೀರಿಕೊಂಡುದರಿಂದ ಅದು ಮುಗಿದುದನ್ನು ನೋಡಲಿಲ್ಲ.

ಕಾಳಿದಾಸನು ರಘುವಂಶದಲ್ಲಿ ರಾಜನು ಕರವೆತ್ತುವುದನ್ನು ಸೂರ್ಯನು ನೀರನ್ನು ಹೀರಿಕೊಳ್ಳುವುದಕ್ಕೆ ಹೋಲಿಸಿದ್ದಾನೆ. ಹೀರಿದುದು ಹಲವು ಮಡಿಯಾಗಿ ಹಿಂದಕ್ಕೆ ಬರಬೇಕೆಂಬುದೇ ಅದರ ತಾತ್ಪರ್ಯ. ಮಾರಿಕಣಿವೆಯಲ್ಲಿ ಈ ಹೋಲಿಕೆಯನ್ನು ಒರೆಗಲ್ಲಿಗೆ ಹಚ್ಚಬಹುದು. ಏಕೆಂದರೆ ಈ ಸಾಗರವು ಮೊದಲ ಸಲ ತುಂಬಿ ಕೋಡಿ ಬಿದ್ದುದು ೧೯೩೩ರಲ್ಲಿ. ಎರಡನೆಯ ಸಲ ೨೦೨೨ರಲ್ಲಿ. ನಡುವೆ ೮೯ ವರ್ಷಗಳು! ತಾತ ಕಂಡ ಕೋಡಿಯನ್ನು ಮೊಮ್ಮಗನು ಮುದುಕನಾಗಿ ಕಂಡನು. ತುಂಬದ ಕೆರೆಗೆ ಪ್ರಜೆಗಳ ಹಣವನ್ನು ಸುರಿದುದು ದುಂದುವೆಚ್ಚವಲ್ಲವೇ ಎಂದು ಕೇಳುವವರುಂಟು.

ಈ ಪ್ರಶ್ನೆಯನ್ನು ಅಲ್ಲಗಳೆಯಬಾರದು. ಆದರೆ ಅಳತೆಗೋಲನ್ನು ಸರಿಯಾಗಿ ಹಿಡಿಯಬೇಕು. ಕಣಜವು ಸುಭಿಕ್ಷದಲ್ಲಿ ತುಂಬಿ ತುಳುಕಿತೇ ಎಂಬುದಕ್ಕಿಂತ ದುರ್ಭಿಕ್ಷದಲ್ಲಿ ಅನ್ನವಿಕ್ಕಿತೇ ಎಂಬುದು ಮುಖ್ಯ. ಕೋಡಿ ಬೀಳದ ಆ ದಶಕಗಳಲ್ಲಿಯೂ ಹಿರಿಯೂರಿನ ತೋಟಗಳು ಈ ನೀರನ್ನೇ ಕುಡಿದವು. ಚಿತ್ರದುರ್ಗದ ಮನೆಗಳಿಗೂ ಇಲ್ಲಿಂದಲೇ ನೀರು ಹೋಯಿತು. ಆದರೂ ಕಳೆದ ದಶಕದ ಬರಗಳಲ್ಲಿ ನೀರು ತಳಕ್ಕಿಳಿದು ಫಲ ಬಿಡುತ್ತಿದ್ದ ತೆಂಗುಗಳು ಸುಳಿಯೊಣಗಿ ನಿಂತುದೂ ಉಂಟು. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಎತ್ತಿ ಈ ಸಾಗರಕ್ಕೆ ಹರಿಸುವ ಏರ್ಪಾಡಾಗಿದೆ. ಆ ಯೋಜನೆಗೆ ೫,೩೦೦ ಕೋಟಿ ರೂಪಾಯಿಗಳ ನೆರವನ್ನು ಕೇಂದ್ರ ಸರ್ಕಾರವು ೨೦೨೩ರ ಆಯವ್ಯಯದಲ್ಲಿ ಘೋಷಿಸಿತು. ಹಣದ ಮೊತ್ತವು ಹೀಗೆ ಬೆಳೆದಂತೆಲ್ಲ ಲೆಕ್ಕ ಕೇಳುವ ಹೊಣೆಯೂ ಬೆಳೆಯಬೇಕಷ್ಟೆ.

ಆ ಲೆಕ್ಕವನ್ನು ಎಲ್ಲಿ ಕೇಳಬೇಕು? ಕಟ್ಟೆಯ ಮೇಲಲ್ಲ, ನಾಲೆಯ ಕೊನೆಯಲ್ಲಿ. ಕೆಳಗಣ ಊರೊಂದರಲ್ಲಿ ಒಬ್ಬ ವೃದ್ಧ ರೈತನು, "ಸಾಮಿ, ಮೊದಲ ತೋಟದವನಿಗೆ ನೀರು ದೇವರು ಕೊಟ್ಟಂಗೆ ಬರ್ತದೆ, ಕಡೇ ಹೊಲದವನಿಗೆ ಸರ್ಕಾರ ಕೊಟ್ಟಂಗೆ ಬರ್ತದೆ" ಎಂದನು. ನಕ್ಕು ಮರೆಯತಕ್ಕ ಮಾತಲ್ಲ ಅದು. ಕಿರುಗಾಲುವೆಯಲ್ಲಿ ಹೂಳು ತುಂಬಿ ಜೊಂಡು ಬೆಳೆದರೆ, ಕಟ್ಟೆಯು ಎಷ್ಟು ಭದ್ರವಾಗಿದ್ದರೇನು? ಕಡೆಯ ಹೊಲದವನ ಪಾಲಿಗೆ ಅದು ಕಟ್ಟದ ಕಟ್ಟೆಯೇ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೊಸ ಕೆರೆಕಟ್ಟೆಗಳನ್ನು ಕಟ್ಟಿದವರಿಗೆ ೫ ವರ್ಷಗಳ ಕರವಿನಾಯಿತಿಯುಂಟು. ಹಾಳುಬಿದ್ದುದನ್ನು ಸರಿಪಡಿಸಿದವರಿಗೂ ೪ ವರ್ಷಗಳ ವಿನಾಯಿತಿಯುಂಟು. ಕಟ್ಟುವುದಕ್ಕೂ ಕಾಪಾಡುವುದಕ್ಕೂ ಆತನು ಎಣಿಸಿದ ಅಂತರ ಒಂದೇ ವರ್ಷ! ಕನ್ನಡನಾಡಿನ ಶಾಸನಗಳಲ್ಲಿ ಕಾಣುವ ಕೆರೆಗೊಡಗೆಯ ಮರ್ಮವೂ ಇದೇ. ಕೆರೆಯನ್ನು ನೋಡಿಕೊಳ್ಳುವುದಕ್ಕೆಂದೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ದುರಸ್ತಿಯ ವೆಚ್ಚವು ಅಧಿಕಾರಿಯ ಕೃಪೆಯನ್ನಾಗಲಿ ಬೊಕ್ಕಸದ ಮಿಗತೆಯನ್ನಾಗಲಿ ಕಾಯಬೇಕಾಗಿರಲಿಲ್ಲ. ಇಂದು ಶಂಕುಸ್ಥಾಪನೆಗೆ ಕಲ್ಲುಂಟು, ಉದ್ಘಾಟನೆಗೆ ಕಲ್ಲುಂಟು; ಹೂಳೆತ್ತಿದವನ ಹೆಸರಿಗೆ ಕಲ್ಲಿಲ್ಲ. ಹೆಸರು ಬಾರದ ಕೆಲಸಕ್ಕೆ ಹಣವೂ ಬರುವುದು ತಡವೇ.

ಕರವನ್ನು ಕೊಡುವವರು ಜಮೀನುದಾರರು, ವರ್ತಕರು ಮಾತ್ರವೆಂದು ಗೃಹಿಣಿಯರು ತಿಳಿಯಬಾರದು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ ಮೇಲೆ ಅಂಗಡಿಯ ರಸೀದಿಯಲ್ಲಿಯೇ ಅದು ಅಚ್ಚಾಗಿ ಕಾಣುತ್ತದೆ. ಆ ರಸೀದಿಯನ್ನು ಹಿಡಿದ ಕೈಗೆ ಕೇಳುವ ಹಕ್ಕೂ ಇದೆ. ಎಷ್ಟು ಕೋಟಿ ವೆಚ್ಚವಾಯಿತೆಂದು ಮಾತ್ರ ಕೇಳಿ ಸುಮ್ಮನಾಗದೆ, ಕಡೆಯ ಹೊಲಕ್ಕೆ ನೀರು ಮುಟ್ಟಿತೇ, ಮುಂದಿನ ವರ್ಷದ ಹೂಳೆತ್ತುವುದಕ್ಕೆ ಹಣವನ್ನು ತೆಗೆದಿರಿಸಿದೆಯೇ ಎಂದು ಕೇಳಬೇಕು.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಾರಿಕಣಿವೆಗೆ ಹೋಗುವವರು ಕಟ್ಟೆಯ ಸೊಬಗನ್ನು ತೋರಿಸಿದ ಮೇಲೆ, ನಾಲೆಯ ಏರಿಯನ್ನು ಹಿಡಿದು ಒಂದೆರಡು ಮೈಲಿ ಕೆಳಗೂ ನಡೆಸಿಕೊಂಡು ಹೋಗಲಿ. ಅಲ್ಲಿ ಕಲಿಯುವ ಅರ್ಥಶಾಸ್ತ್ರವು ಮಕ್ಕಳಿಗೆ ಮರೆಯುವುದಿಲ್ಲ.