ಸಂಸಾರದ ಕಾರು, ಹಸಿರು ನರಕದಲ್ಲಿ

ಜರ್ಮನಿಯ ಪಶ್ಚಿಮದಂಚಿನಲ್ಲಿ ಐಫೆಲ್ ಎಂಬ ಬೆಟ್ಟಸೀಮೆಯಿದೆ. ಮುಗಿಲು ಮುಟ್ಟುವ ಬೆಟ್ಟಗಳೇನಲ್ಲ; ದಟ್ಟ ಕಾಡು, ನಡುನಡುವೆ ಹುಲ್ಲುಗಾವಲು, ಸ್ಲೇಟು ಕಲ್ಲಿನ ಕಪ್ಪು ಮಾಡುಗಳ ಪುಟ್ಟ ಊರುಗಳು. ನ್ಯೂರ್ಬರ್ಗ್ ಅಂಥದೊಂದು ಹಳ್ಳಿ. ಅದರ ನೆತ್ತಿಯ ಗುಡ್ಡದ ಮೇಲೆ ಹಾಳುಬಿದ್ದ ಹಳೆಯ ಕೋಟೆ. ಆ ಕೋಟೆಯ ಬುರುಜು ಹತ್ತಿ ನಿಂತವರಿಗೆ ಹಕ್ಕಿಗಳ ಉಲಿಯ ಜೊತೆಗೇ ಕಾಡಿನೊಳಗಿಂದ ಕಾರುಗಳ ಮೊರೆತವೂ ಕೇಳುತ್ತದೆ. ಹಳ್ಳಿಯನ್ನೂ ಕೋಟೆಯನ್ನೂ ಬಳಸಿಕೊಂಡು, ಏರುತ್ತ, ಇಳಿಯುತ್ತ, ಹೊರಳುತ್ತ ಸಾಗುವ 20.8 ಕಿ.ಮೀ. ಉದ್ದದ ಟಾರು ರಸ್ತೆಯೊಂದು ಆ ಮರಗಳ ಮರೆಯಲ್ಲಿದೆ. ಅದೇ ನ್ಯೂರ್ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ, ಅಂದರೆ ಉತ್ತರದ ಸುತ್ತು. ಕಾರು ಓಟದ ಜಗತ್ತಿನಲ್ಲಿ ಇದಕ್ಕಿರುವ ಇನ್ನೊಂದು ಹೆಸರು 'ಹಸಿರು ನರಕ'. ಮೂರು ಬಾರಿಯ ವಿಶ್ವ ಚಾಂಪಿಯನ್ ಜಾಕಿ ಸ್ಟುವರ್ಟ್ ಇಟ್ಟ ಹೆಸರದು. 1968ರಲ್ಲಿ ಮಳೆ, ಮಂಜುಗಳ ನಡುವೆ ಇಲ್ಲಿ ನಾಲ್ಕು ನಿಮಿಷಗಳಿಗೂ ಹೆಚ್ಚು ಅಂತರದಿಂದ ಗೆದ್ದವರೇ ಇದನ್ನು ನರಕವೆಂದು ಕರೆದರು ಎಂದ ಮೇಲೆ ಸೋತವರ ಪಾಡು ಹೇಗಿದ್ದಿರಬೇಡ!

ಇಷ್ಟಾಗಿಯೂ ಈ ನರಕದ ಬಾಗಿಲು ಸಾಮಾನ್ಯರಿಗೆ ತೆರೆದೇ ಇದೆ. ಓಟದ ಸ್ಪರ್ಧೆಗಳು, ಕಾರು ತಯಾರಕರ ಪರೀಕ್ಷೆಗಳು ಇಲ್ಲದ ಹೊತ್ತಿನಲ್ಲಿ, ಚಳಿಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ, ಇದೊಂದು ಸುಂಕದ ರಸ್ತೆ. ಲೈಸೆನ್ಸು, ರಸ್ತೆಗಿಳಿಯಲು ಅರ್ಹವಾದ ಕಾರು, ಸುಮಾರು 30 ಯೂರೊ ಹಣ, ಇಷ್ಟಿದ್ದರೆ ಒಂದು ಸುತ್ತು ಹೋಗಿಬರಬಹುದು. ಅದಕ್ಕೆ ರೇಸ್ ಕಾರೇ ಆಗಬೇಕೆಂದಿಲ್ಲ. ಬೆಳಿಗ್ಗೆ ಆಫೀಸಿಗೆ, ಸಂಜೆ ತರಕಾರಿಗೆ, ಭಾನುವಾರ ನೆಂಟರ ಮನೆಗೆ ಹೋಗಿಬರುವ ನಾಲ್ಕು ಬಾಗಿಲಿನ, ಡಿಕ್ಕಿಯುಳ್ಳ ಸಾಧಾರಣ ಸೆಡಾನ್ ಕೂಡ ಆದೀತು.

ಇದು ಇತ್ತೀಚಿನ ವ್ಯಾಪಾರೀ ಉಪಾಯವೇನಲ್ಲ ಎಂಬುದು ಗಮನಾರ್ಹ. ಮೊದಲ ಮಹಾಯುದ್ಧದ ನಂತರ ಐಫೆಲ್ ಸೀಮೆ ಕಡುಬಡತನದಲ್ಲಿತ್ತು. ಕೆಲಸವಿಲ್ಲದ ಕೈಗಳಿಗೆ ಕೆಲಸ ಕೊಡಲೆಂದು ಆಡೆನಾವ್ ಜಿಲ್ಲೆಯ ಆಡಳಿತಾಧಿಕಾರಿ ಒಟ್ಟೊ ಕ್ರಾಯ್ಟ್ಸ್ ಈ ರಸ್ತೆಯ ಯೋಜನೆ ಹಿಡಿದು ಸರಕಾರದ ಬಾಗಿಲು ತಟ್ಟಿದರು. ಕಲೋನ್ ನಗರದ ಅಂದಿನ ಮೇಯರ್, ಮುಂದೆ 1949ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದ ಕೋನ್ರಾಡ್ ಆಡೆನಾವರ್ ಬೆಂಬಲಕ್ಕೆ ನಿಂತರು. 1925ರಲ್ಲಿ ಶುರುವಾದ ಕೆಲಸದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಗುದ್ದಲಿ ಹಿಡಿದರು. ನಮ್ಮ ಬರಗಾಲದ ಕಾಮಗಾರಿಗಳ ಜಾತಿಯದೇ ಎನ್ನಿ. 1927ರ ಜೂನ್‌ನಲ್ಲಿ ಉದ್ಘಾಟನೆ. ಕಾರುಗಳ ಮೊದಲ ಓಟವನ್ನು ಗೆದ್ದವರು ರುಡಾಲ್ಫ್ ಕರಾಚಿಯೋಲ. ಓಟವಿಲ್ಲದ ವೇಳೆಯಲ್ಲಿ ಸುಂಕ ಕೊಟ್ಟು ಯಾರಾದರೂ ಹೋಗಿಬರಬಹುದೆಂಬ ಪದ್ಧತಿ ಅಂದಿನಿಂದಲೂ ಇದೆ.

ದೊಡ್ಡ ಯೋಜನೆಗಳ ಹುಚ್ಚು ಇಲ್ಲಿಗೂ ತಗುಲಿತು. ಹೋಟೆಲು, ಮನರಂಜನಾ ಪಾರ್ಕು, ಕೆಲವೇ ದಿನ ಓಡಿ ನಿಂತುಹೋದ ರೋಲರ್ ಕೋಸ್ಟರ್ ಮುಂತಾದವುಗಳಿಗೆ ಸರಕಾರದ ಹಣ ಸುರಿದು 2012ರಲ್ಲಿ ಇಡೀ ಸಂಸ್ಥೆ ದಿವಾಳಿಯಾಯಿತು. 2014ರಲ್ಲಿ ಅದು ಖಾಸಗಿಯವರ ಪಾಲಾಯಿತು. ಜನ ಮಾತ್ರ ಹಿಂದಿನಂತೆ ಹಳೆಯ ರಸ್ತೆಗೇ ಬರುತ್ತಿದ್ದಾರೆ.

ಪ್ರವೇಶದ್ವಾರದ ಮುಂದಿನ ಕಾರು ನಿಲ್ದಾಣವೇ ಒಂದು ಜಾತ್ರೆ. ಕೋಟಿ ಬೆಲೆಯ ಪೋರ್ಶೆಯ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಪುಡಿ ಉದುರಿರುವ ಹತ್ತು ವರ್ಷ ಹಳೆಯ ಕಾರು. ಅನುಭವಸ್ಥರು ಮೊದಲು ಮಾಡುವ ಕೆಲಸ ಗಾಡಿ ಖಾಲಿ ಮಾಡುವುದು. ಮಕ್ಕಳ ಸೀಟು, ಛತ್ರಿ, ಜ್ಯಾಕು, ನೀರಿನ ಬಾಟಲಿ ಎಲ್ಲ ಹೊರಗೆ. ಬಾಟಲಿಯೊಂದು ಉರುಳಿಬಂದು ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಮುಂದಿನ ಕತೆ ಹೇಳಬೇಕಿಲ್ಲ. ಹಾಗೆ ನೋಡಿದರೆ ನಮ್ಮೂರ ರಸ್ತೆಯಲ್ಲೂ ಅದು ಅಷ್ಟೇ ಅಪಾಯ. ಅಲ್ಲಿ ಯಾರಿಗೂ ನೆನಪಾಗುವುದಿಲ್ಲ, ಅಷ್ಟೆ. ಆಮೇಲೆ ಚಕ್ರದ ನಟ್ಟು, ಟೈರಿನ ಗಾಳಿ, ಎಂಜಿನ್ ಎಣ್ಣೆ, ಕೊನೆಗೆ ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕಿನ ಪ್ಯಾಡು ಮತ್ತು ಬ್ರೇಕಿನ ಎಣ್ಣೆ.

ನಿಯಮಗಳು ಕೇಳಿದರೆ ಅಚ್ಚರಿಯಾದೀತು. ಇಲ್ಲಿ ನಡೆಯುವುದು ಜರ್ಮನಿಯ ಮಾಮೂಲಿ ಸಂಚಾರ ಕಾನೂನೇ. ಎದುರಿನಿಂದ ವಾಹನ ಬರುವುದಿಲ್ಲ, ಬಹುಭಾಗದಲ್ಲಿ ವೇಗದ ಮಿತಿ ಇಲ್ಲ ಎಂಬುದಷ್ಟೇ ವ್ಯತ್ಯಾಸ. ಮುಂದಿನವರನ್ನು ಎಡಗಡೆಯಿಂದ ಮಾತ್ರ ದಾಟಬೇಕು (ಅಲ್ಲಿ ವಾಹನಗಳು ಸಾಗುವುದು ಬಲಗಡೆಯಲ್ಲಿ). ನಿಧಾನಸ್ಥರು ಬಲಕ್ಕೆ ಸರಿದು ದಾರಿ ಬಿಡಬೇಕು. ಸುತ್ತಿನ ಸಮಯ ಅಳೆಯುವಂತಿಲ್ಲ, ಪರಸ್ಪರ ಪಂದ್ಯ ಕಟ್ಟುವಂತಿಲ್ಲ. ಒಂದು ಸುತ್ತು ಮುಗಿಸಿದವರು ಮತ್ತೆ ದ್ವಾರದ ಮೂಲಕವೇ ಹೊರಬಂದು ಒಳಹೋಗಬೇಕಾದ್ದರಿಂದ ಎಡೆಬಿಡದೆ ಸುತ್ತುವುದೂ ಸಾಧ್ಯವಿಲ್ಲ. 2025ರಿಂದ ಮೋಟಾರು ಸೈಕಲ್ಲುಗಳಿಗೆ ಈ ಸಾರ್ವಜನಿಕ ವೇಳೆಯಲ್ಲಿ ಪ್ರವೇಶವಿಲ್ಲ.

ಗೇಟು ದಾಟಿದೊಡನೆ ಉದ್ದನೆಯ ನೇರ ದಾರಿ. ಸೆಡಾನಿನ ಚಾಲಕನಿಗೆ 'ಇಷ್ಟೇನಾ?' ಎನಿಸುವುದೂ ಉಂಟು. ಹಳೆಯ ಓಟದ ಕಟ್ಟೆಗಳ ಪಕ್ಕದಿಂದ ಹಾದು ಹಾಟ್ಸೆನ್‌ಬಾಖ್ ಎಂಬಲ್ಲಿ ಕಾಡು ಹೊಕ್ಕೊಡನೆ ಆಟ ಬದಲಾಗುತ್ತದೆ. ಎಡ, ಬಲ, ಮತ್ತೆ ಎಡ. ಒಂದು ತಿರುವಿನಲ್ಲಿ ಸ್ಟಿಯರಿಂಗ್ ನೆಟ್ಟಗಾಗುವ ಮೊದಲೇ ಮತ್ತೊಂದು. ಒಟ್ಟು 73 ತಿರುವುಗಳೆಂದು ಲೆಕ್ಕ. ಹಲವು ತಿರುವುಗಳ ಮುಂದೆ ರಸ್ತೆ ದಿಬ್ಬವೇರಿ ಮಾಯವಾಗುತ್ತದೆ. ಆಚೆ ಏನಿದೆಯೆಂದು ಕಾಣದು, ನೆನಪಿರಬೇಕು. ಫ್ಲುಗ್‌ಪ್ಲಾಟ್ಸ್ ಎಂಬ ದಿಬ್ಬದಲ್ಲಿ ವೇಗ ಹೆಚ್ಚಾದರೆ ಕಾರು ಹಗುರಾಗಿ ಟೈರುಗಳ ಹಿಡಿತ ಸಡಿಲುತ್ತದೆ. ಫುಕ್ಸ್‌ರ್‍ಯೋರೆ, ಅಂದರೆ ನರಿಯ ಕೊಳವೆ, ಕಡಿದಾಗಿ ಕಣಿವೆಗಿಳಿದು ತಟಕ್ಕನೆ ಮೇಲೇರುತ್ತದೆ. ತಳದಲ್ಲಿ ಕೂತವರ ಹೊಟ್ಟೆ ಸೀಟಿಗಿಳಿಯುತ್ತದೆ. ಅಲ್ಲಿಂದ ಮೇಲೆ ಬಂದು ನಿಟ್ಟುಸಿರು ಬಿಡುವಷ್ಟರಲ್ಲಿ ಆಡೆನಾವರ್ ಫೋರ್ಸ್ಟ್ ಎಂಬ ಸೊಟ್ಟ ತಿರುವು. ಕ್ಯಾಮರಾ ಹಿಡಿದ ಜನ ಅಲ್ಲಿ ಸೇರುವುದು ಸುಮ್ಮನಲ್ಲ. ಹೊಸಬರು ಹುಲ್ಲಿಗಿಳಿಯುವ ಜಾಗ ಅದು.

ಮುಂದೆ ರಸ್ತೆ ಆಡೆನಾವ್ ಪಟ್ಟಣದ ಕಡೆಗೆ ಇಳಿಯತೊಡಗುತ್ತದೆ. ಒಂದಾದ ಮೇಲೊಂದು ಇಳಿಜಾರಿನ ತಿರುವು. ಬ್ರೇಡ್‌ಶೈಡ್ ಎಂಬ ತಗ್ಗಿನಲ್ಲಿ ಊರಿನ ರಸ್ತೆಯ ಮೇಲೆ ಹಾದುಹೋಗುವ ಸೇತುವೆ ಬರುವ ಹೊತ್ತಿಗೆ ಹಲವು ಸಾಧಾರಣ ಕಾರುಗಳೊಳಗೆ ಒಂದು ವಾಸನೆ ಏಳುತ್ತದೆ. ಸುಟ್ಟ ರಬ್ಬರಿನಂತೆ, ಕಾದ ಕಬ್ಬಿಣದಂತೆ. ಕಾರಿನ ಯೋಗ್ಯತೆಯನ್ನು ಎಂಜಿನ್ನಿನ ಶಕ್ತಿಯಿಂದ ಅಳೆಯುತ್ತ ಬಂದವರಿಗೆ ಇಲ್ಲಿ ಎದುರಾಗುವುದು ಬ್ರೇಕಿನ ಪ್ರಶ್ನೆ.

ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಇದರ ಲೆಕ್ಕ ಕಷ್ಟವಲ್ಲ. ಚಲನ ಶಕ್ತಿ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಜನ ಸೇರಿ 1,500 ಕಿಲೋ ತೂಗುವ ಸೆಡಾನ್ ಗಂಟೆಗೆ 180 ಕಿ.ಮೀ. ವೇಗದಿಂದ 90ಕ್ಕೆ ಇಳಿಯಬೇಕೆಂದರೆ ಸುಮಾರು 14 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ಬಹುಪಾಲು ಶಾಖವಾಗಿ ಹೋಗುವುದು ಬ್ರೇಕಿನ ಬಿಲ್ಲೆಗಳಿಗೇ. ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ಅಡುಗೆಮನೆಯ ಒಲೆಗೆ ಹತ್ತಾರು ನಿಮಿಷದ ಕೆಲಸ. ಇಲ್ಲಿ ನಾಲ್ಕೈದು ಸೆಕೆಂಡು! ಅದೂ ಒಮ್ಮೆಯಲ್ಲ, ಮತ್ತೆ ಮತ್ತೆ. 180ರ ಅರ್ಧ 90 ತಾನೆ, ಅರ್ಧ ಶಕ್ತಿ ಹೋದರೆ ಸಾಕಲ್ಲ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಹೋಗಬೇಕಾದದ್ದು ಮುಕ್ಕಾಲು ಪಾಲು.

ಇನ್ನು ಬ್ರೇಕಿನ ಎಣ್ಣೆ. ಪೆಡಲನ್ನು ತುಳಿದ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಅದೇ. ದ್ರವವನ್ನು ಅಮುಕಿ ಕುಗ್ಗಿಸಲಾಗದು ಎಂಬ ಗುಣವೇ ಅದಕ್ಕೆ ಆಧಾರ. ಆದರೆ ಈ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಸ್ವಭಾವ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು. ಆವಿಯನ್ನು ಅಮುಕಬಹುದಲ್ಲ! ಚಾಲಕ ಪೆಡಲ್ ತುಳಿದರೆ ಅದು ಬೆಣ್ಣೆಗೆ ಕಾಲಿಟ್ಟಂತೆ ತಳ ಸೇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಈ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಎಷ್ಟು ಮಂದಿ ಅದನ್ನು ಓದಿದ್ದಾರು?

ತಗ್ಗಿನಿಂದ ಮೇಲೆ ಹೊರಟರೆ ಬೆರ್ಗ್‌ವೆರ್ಕ್. ಹಿಂದೊಮ್ಮೆ ಗಣಿ ಇದ್ದ ಜಾಗ. 1976ರ ಆಗಸ್ಟ್ 1ರಂದು ಆಸ್ಟ್ರಿಯಾದ ನಿಕಿ ಲೌಡಾ ಅವರ ಫೆರಾರಿ ಇದಕ್ಕೆ ತುಸು ಮುಂಚೆ ಬದಿಗೆ ಬಡಿದು ಹೊತ್ತಿಕೊಂಡಿತು. ಹಿಂದಿನ ವರ್ಷವಷ್ಟೇ ಏಳು ನಿಮಿಷದೊಳಗೆ ಈ ಸುತ್ತು ಮುಗಿಸಿದ ಮೊದಲಿಗರಾಗಿದ್ದ ಲೌಡಾ, ಇಲ್ಲಿ ಸುರಕ್ಷತೆ ಸಾಲದೆಂದು ಓಟಕ್ಕೆ ಮುಂಚೆಯೇ ವಾದಿಸಿದ್ದರು. ಬೆಂಕಿಯಿಂದ ಅವರನ್ನು ಎಳೆದು ತೆಗೆದವರು ಹಿಂದೆ ಬರುತ್ತಿದ್ದ ನಾಲ್ವರು ಪ್ರತಿಸ್ಪರ್ಧಿಗಳು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉದ್ದದ ಕಾಡುದಾರಿಯಲ್ಲಿ ಎಲ್ಲೆಡೆ ನೆರವು ಸಿದ್ಧವಾಗಿರುವುದಾದರೂ ಹೇಗೆ? ಆರು ವಾರಗಳಲ್ಲಿ ಲೌಡಾ ಸುಟ್ಟ ಗಾಯಗಳ ಪಟ್ಟಿ ಕಟ್ಟಿಕೊಂಡೇ ಇಟಲಿಯ ಮೊಂಜಾದಲ್ಲಿ ಓಡಿದರು. ಫಾರ್ಮುಲಾ 1 ಮಾತ್ರ ನಾರ್ಡ್‌ಶ್ಲೈಫೆಗೆ ಮರಳಲಿಲ್ಲ. 1984ರಲ್ಲಿ ಪಕ್ಕದಲ್ಲೇ ಅದಕ್ಕೊಂದು ಚಿಕ್ಕ, ಆಧುನಿಕ ಟ್ರ್ಯಾಕು ಸಿದ್ಧವಾಯಿತು.

ಅದೇ ಜಾಗದಲ್ಲಿ ಇಂದು ಸೆಡಾನ್ ಏದುಸಿರು ಬಿಡುತ್ತ ಏರುತ್ತದೆ. ತಗ್ಗಿನಿಂದ ಹೋಹೆ ಆಖ್ಟ್ ಎಂಬ ನೆತ್ತಿಯವರೆಗೆ ಸುಮಾರು 300 ಮೀಟರ್ ಎತ್ತರ. ಸಣ್ಣ ಎಂಜಿನ್ನುಗಳ ಬಣ್ಣ ಬಯಲಾಗುವುದು ಇಲ್ಲಿ. ಕನ್ನಡಿಯಲ್ಲಿ ಕಂಡ ಚುಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ದೈತ್ಯ ಕಾರಾಗಿ ಬೆನ್ನ ಹಿಂದೆ ನಿಂತಿರುತ್ತದೆ. ಬಲಕ್ಕೆ ಸರಿದು, ಬಲದ ದೀಪ ಮಿಣುಕಿಸಿ ದಾರಿ ಬಿಡುವುದೇ ಮರ್ಯಾದೆ. ಹೊಸಬರಿಗೆ ಮುಂದಿನ ದಾರಿಯಷ್ಟೇ ಕನ್ನಡಿಯೂ ಮುಖ್ಯವೆಂದು ಬಲ್ಲವರು ಹೇಳುತ್ತಾರೆ. ನಡುವೆ ಕಾರುಸೆಲ್: ಬಟ್ಟಲಿನಂತೆ ಓರೆಯಾಗಿಸಿದ ಕಾಂಕ್ರೀಟಿನ ತಿರುವು, ಮಗ್ಗುಲಿಗೆ ವಾಲಿದ ಕಾರು ಹಲ್ಲು ಕಟಕಟ ಎನ್ನುವಂತೆ ಕುಲುಕುತ್ತದೆ. ಆಮೇಲಿನ ಇಳಿಜಾರಿನಲ್ಲಿ ಗಾಬರಿಗೊಂಡ ಹೊಸಬರು ತಿರುವಿನ ಮಧ್ಯೆ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆಯುವುದುಂಟು. ಆಗ ಭಾರ ಮುಂದಿನ ಚಕ್ರಗಳಿಗೆ ಸರಿದು ಹಿಂಭಾಗ ಹಗುರಾಗಿ ಕಾರು ಗಿರ್ರನೆ ತಿರುಗಬಹುದು. ನಿಧಾನಿಸುವುದೆಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು.

ಸಾಧಾರಣ ಕಾರಿನಿಂದ ಇಲ್ಲಿ ಎಷ್ಟು ಸಾಧ್ಯ ಎಂಬುದನ್ನು ತೋರಿಸಿಕೊಟ್ಟವರು ಜಬೀನೆ ಶ್ಮಿಟ್ಸ್. ನ್ಯೂರ್ಬರ್ಗಿನಲ್ಲಿ ಹೋಟೆಲು ನಡೆಸುತ್ತಿದ್ದ ಮನೆಯ ಮಗಳು. 1996 ಮತ್ತು 1997ರಲ್ಲಿ ಇಲ್ಲಿನ 24 ಗಂಟೆಗಳ ಓಟ ಗೆದ್ದ ತಂಡದಲ್ಲಿದ್ದರು. ಪ್ರವಾಸಿಗರನ್ನು ಕೂರಿಸಿಕೊಂಡು 'ಟ್ಯಾಕ್ಸಿ' ಓಡಿಸುತ್ತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ಹಾಕಿರಬಹುದೆಂಬುದು ಅವರದೇ ಅಂದಾಜು. 2004ರಲ್ಲಿ ಬ್ರಿಟನ್ನಿನ 'ಟಾಪ್ ಗೇರ್' ಟಿವಿ ಕಾರ್ಯಕ್ರಮದ ಜೆರೆಮಿ ಕ್ಲಾರ್ಕ್ಸನ್ ಡೀಸೆಲ್ ಎಂಜಿನ್ನಿನ ಜಾಗ್ವಾರ್ ಸೆಡಾನಿನಲ್ಲಿ ಹತ್ತು ನಿಮಿಷದೊಳಗೆ ಸುತ್ತು ಮುಗಿಸುವ ಪಣ ತೊಟ್ಟರು. ದಿನವಿಡೀ ಬೆವರು ಸುರಿಸಿ ತಲುಪಿದ್ದು 9 ನಿಮಿಷ 59 ಸೆಕೆಂಡಿಗೆ. ಅದೇ ಕಾರನ್ನು ಪಡೆದ ಜಬೀನೆ 9 ನಿಮಿಷ 12 ಸೆಕೆಂಡಿನಲ್ಲಿ ಬಂದರು. ಕಾರು ಅದೇ, ಟೈರು ಅದೇ. 47 ಸೆಕೆಂಡು ಎಲ್ಲಿಂದ ಬಂತು? ದಾರಿ ಬಾಯಿಪಾಠವಾಗಿದ್ದರಿಂದ. 2021ರ ಮಾರ್ಚ್‌ನಲ್ಲಿ, 51ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಾಟ್ಸೆನ್‌ಬಾಖ್‌ಗೆ ಮೊದಲು ಸಿಗುವ ತಿರುವಿಗೆ ಈಗ ಅವರ ಹೆಸರು.

ಮಗ ಕಾರಿನ ಕೀಲಿ ಕೇಳಿದರೆ ಎದೆ ಢವಢವ ಎನ್ನುವ ಅಪ್ಪ ಅಮ್ಮಂದಿರಿಗೆ ಇನ್ನೂ ಒಂದೆರಡು ಸಂಗತಿ ತಿಳಿದಿರಬೇಕು. ಅನೇಕ ವಿಮಾ ಪಾಲಿಸಿಗಳು ಇಲ್ಲಿಯ ಅಪಘಾತವನ್ನು ಒಪ್ಪುವುದಿಲ್ಲ. ಬಾಡಿಗೆ ಕಾರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ನಿಷೇಧವಿರುತ್ತದೆ. ರಸ್ತೆಯಂಚಿನ ಕಬ್ಬಿಣದ ತಡೆಬೇಲಿ ಮುರಿದರೆ ಅದರ ಬೆಲೆ, ಕಾರನ್ನು ಎಳೆದು ತರುವ ಖರ್ಚು ಎಲ್ಲ ಮುರಿದವರ ತಲೆಗೆ. ಸಾರ್ವಜನಿಕ ವೇಳೆಯಲ್ಲಿ ಸಾವುಗಳೂ ಆಗಿವೆ. ಹೊಸಬರು ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜನಸಂದಣಿ ಕಡಿಮೆಯಿರುವ ವಾರದ ದಿನಗಳಲ್ಲಿ ಹೋಗುವುದು ಲೇಸು. ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲೇ, ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕಿದೆ. 1990ರಲ್ಲಿ ಆರಂಭವಾದದ್ದು. ಅದು ಸುಂಕದ ರಸ್ತೆಯಲ್ಲ, ನಿಜವಾದ ರೇಸ್ ಟ್ರ್ಯಾಕು. ಸ್ವಂತ ಕಾರು ತಂದವರಿಗಾಗಿ ಅಲ್ಲಿಯೂ ಆಗಾಗ 'ಟ್ರ್ಯಾಕ್ ಡೇ'ಗಳು ನಡೆಯುವುದುಂಟು.

ಇತ್ತ ನ್ಯೂರ್ಬರ್ಗಿನಲ್ಲಿ, ಸುತ್ತಿನ ಕೊನೆಯ ನೇರ ದಾರಿಯಲ್ಲಿ ಬಲ್ಲವರು ವೇಗ ತಗ್ಗಿಸಿ ಗಾಳಿಗೆ ಬ್ರೇಕನ್ನು ತಣಿಸುತ್ತ ಬರುತ್ತಾರೆ. ಸಾಧಾರಣ ಸೆಡಾನಿಗೆ, ಅದರ ಹೊಸ ಚಾಲಕನಿಗೆ ಸುತ್ತು ಮುಗಿಯಲು ಹನ್ನೆರಡೋ ಹದಿನೈದೋ ನಿಮಿಷ. ಗೇಟಿನ ಹೊರಗೆ ಕಾರು ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ; ಕಾದ ಪ್ಯಾಡುಗಳು ಬಿಲ್ಲೆಗೆ ಅಂಟಿಕೊಂಡಾವೆಂದು ಗೇರಿನಲ್ಲಿಟ್ಟು ಇಳಿಯುತ್ತಾರೆ. ಕೈ ಇನ್ನೂ ಸಣ್ಣಗೆ ನಡುಗುತ್ತಿರುತ್ತದೆ. ಚಕ್ರಗಳ ಸುತ್ತ ಬಗ್ಗಿ ನೋಡಿ, ಮೂಸಿ ನೋಡಿ, ಅರ್ಧ ಗಂಟೆ ಕಾಯುತ್ತಾರೆ. ಆಮೇಲೆ ಮಕ್ಕಳ ಸೀಟು, ಛತ್ರಿ, ನೀರಿನ ಬಾಟಲಿಗಳನ್ನು ಮತ್ತೆ ಒಳಗಿಟ್ಟು ಮನೆಯ ದಾರಿ ಹಿಡಿಯುತ್ತಾರೆ.