ಪೊರೆ

2025ರ ಜನವರಿಯ ಮೊದಲ ವಾರ. ಕಿಟಕಿಯಾಚೆ ದೆಹಲಿಯ ಮಂಜು ಬಿಳಿಯ ಗೋಡೆಯಂತೆ ನಿಂತಿತ್ತು. ಬಲಗಣ್ಣಿನ ಪೊರೆ ತೆಗೆಸಿಕೊಂಡು 9 ದಿನಗಳಾಗಿದ್ದ ಅಮ್ಮ ಕಪ್ಪು ಕನ್ನಡಕ ಧರಿಸಿ ಹೀಟರಿನ ಮುಂದೆ ಕುಳಿತಿದ್ದಳು. ಮೇಲಿನ ಮಹಡಿಯ ಹುಡುಗ ಬಂದು, ತರಬೇತಿಗೆಂದು ಎರಡು ತಿಂಗಳು ಪುಣೆಗೆ ಹೋಗುತ್ತಿದ್ದೇನೆ, ಮೋತಿಯನ್ನು ನೋಡಿಕೊಳ್ಳುವಿರಾ ಅಂಕಲ್ ಎಂದು ಕೇಳಿದ. ಮೋತಿ ಅವನು ಸಾಕಿದ ಹಾವು; ಪಶ್ಚಿಮ ಆಫ್ರಿಕದ ಮೂಲದ, ಬಾಲ್ ಪೈಥಾನ್ ಎಂಬ ಗಿಡ್ಡ ಜಾತಿಯ ಹೆಬ್ಬಾವಿನ ಮರಿ. ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, “ನಾಗಪ್ಪ ತಾನಾಗಿ ಮನೆಗೆ ಬಂದರೆ ಬೇಡ ಅನ್ನಬಾರದು ಮಗಾ” ಎಂದುಬಿಟ್ಟಳು.

ನಾನು ಸರ್ಕಾರಿ ನೌಕರ. ಮೊದಲು ಕೇಳಿದ್ದು ಕಾಗದಪತ್ರ. ಹುಡುಗ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಿದ ದಾಖಲೆ ತೋರಿಸಿದ. ವನ್ಯಜೀವಿ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಅದನ್ನು ಮಾಡಿಸಲೇಬೇಕು. ನಮ್ಮ ದೇಶದ ಹಾವುಗಳನ್ನಂತೂ ಮನೆಯಲ್ಲಿಡುವಂತಿಲ್ಲ. ಇದೇ ನಗರದ ಬದರ್‌ಪುರದ ಬಳಿ, ಮೋಲಡ್‌ಬಂದ್‌ನಲ್ಲಿ, ಹಾವಾಡಿಗರ ವಸತಿಯೇ ಇದೆ. 1972ರ ಕಾಯಿದೆ ಅವರ ಬುಟ್ಟಿಯ ಮುಚ್ಚಳ ಮುಚ್ಚಿಸಿತು. ಆಫ್ರಿಕದ ಹಾವನ್ನು ಫ್ಲ್ಯಾಟಿನಲ್ಲಿ ಸಾಕುವವನಿಗೆ ಮಾತ್ರ ನೋಂದಣಿಯ ದಾರಿಯಿದೆ. ಎರಡೂ ಸರಿಯೇ ಇರಬಹುದು. ಆದರೂ ಆ ಕಾಗದವನ್ನು ಮಡಿಸಿ ಹಿಂತಿರುಗಿಸುವಾಗ ಮನಸ್ಸಿಗೆ ಸಮಾಧಾನವಿರಲಿಲ್ಲ.

ಮೋತಿಯ ಗಾಜಿನ ಪೆಟ್ಟಿಗೆ ಅಮ್ಮನ ಕೋಣೆಯಲ್ಲೇ ಉಳಿಯಿತು. ವಾರಕ್ಕೊಮ್ಮೆ ಹುಡುಗನ ಸ್ನೇಹಿತನೊಬ್ಬ ಇಲಿ ತಂದು ಉಣಿಸುತ್ತಿದ್ದ. ಆ ಹೊತ್ತಿಗೆ ಅಮ್ಮ ದೇವರ ಮುಂದೆ ಹೋಗಿ ಕೂರುತ್ತಿದ್ದಳು. ಉಳಿದಂತೆ ಅವಳ ಹಗಲೆಲ್ಲ ಅದರ ಎದುರೇ. ಹೀಗಾಗಿ ರೋಗವನ್ನು ಮೊದಲು ಕಂಡವಳೂ ಅವಳೇ.

“ಮಗಾ, ಇದಕ್ಕೂ ಪೊರೆ ಬಂದಿದೆ ನೋಡು.”

ನೋಡಿದೆ. ಎರಡೂ ಕಣ್ಣುಗಳು ನೀಲಿ ಬೆರೆತ ಹಾಲಿನಂತಾಗಿದ್ದವು, ಮೈ ಬಣ್ಣಗೆಟ್ಟಿತ್ತು. ಗಾಬರಿಯಿಂದ ಪುಣೆಗೆ ಫೋನು ಮಾಡಿದರೆ ಹುಡುಗ ನಕ್ಕ: ದಾದಿ ಹೇಳಿದ್ದು ಸರಿ, ಪೊರೆಯೇ, ಆದರೆ ಕಳಚುವ ಪೊರೆ. ಕನ್ನಡದಲ್ಲಿ ಹಾವು ಬಿಡುವುದೂ ಪೊರೆ, ಮುಪ್ಪಿನ ಕಣ್ಣನ್ನು ಮುಚ್ಚುವುದೂ ಪೊರೆ. ಕಾಪಾಡೆಂದು ದೇವರಿಗೆ ಮೊರೆಯಿಡುವುದಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವನಿಗೆ ಈ ಶ್ಲೇಷೆಯನ್ನು ಹುಡುಗನಿಗೆ ಹಿಂದಿಯಲ್ಲಿ ವಿವರಿಸಲು ಆಗಲಿಲ್ಲ.

ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ, ಗಡಿಯಾರದ ಗಾಜಿನಂತೆ, ಸದಾ ಮುಚ್ಚಿಕೊಂಡಿರುತ್ತದೆ. ಚರ್ಮ ಕಳಚುವ ಮೊದಲು ಹಳೆಯ ಮತ್ತು ಹೊಸ ಪದರಗಳ ನಡುವೆ ದ್ರವ ತುಂಬುವುದರಿಂದ ಕಣ್ಣು ಮಂಕಾಗುತ್ತದೆ. ಕೆಲವು ದಿನಗಳಲ್ಲಿ ಅದು ತಾನಾಗಿ ತಿಳಿಯಾಗಿ, ಮತ್ತೆ ಕೆಲವೇ ದಿನಗಳಲ್ಲಿ ಹಾವು ಮೂತಿಯನ್ನು ಒರಟಾದುದಕ್ಕೆ ಉಜ್ಜಿ, ಕಾಲುಚೀಲ ತಿರುಗುಮುರುಗಾಗುವಂತೆ ಇಡೀ ಪೊರೆಯಿಂದ ಹೊರಬರುತ್ತದೆ. ಕಣ್ಣಿನ ಬಿಲ್ಲೆಗಳೂ ಅದರೊಂದಿಗೇ ಬರುತ್ತವೆ. ಎರಡೂ ಕಣ್ಣು ಒಟ್ಟಿಗೆ ಮಂಕಾದರೆ ಹೆದರಬೇಕಿಲ್ಲ. ಒಂದೇ ಕಣ್ಣು ಮಂಕಾದರೆ ಅನುಮಾನಿಸಬೇಕು. ಮಂಕಾದ ದಿನಗಳಲ್ಲಿ ಹಾವಿಗೆ ದೃಷ್ಟಿ ಸಾಲದು, ಸಿಡುಕು ಹೆಚ್ಚು, ಮುಟ್ಟದಿರುವುದೇ ಲೇಸು.

ಮೋತಿಯ ಪೊರೆ ಇಡಿಯಾಗಿ ಬರಲಿಲ್ಲ. ಒಂದು ಬೆಳಿಗ್ಗೆ ಪೆಟ್ಟಿಗೆಯ ತುಂಬ ಚೂರುಚೂರಾಗಿ ಬಿದ್ದಿತ್ತು. ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ಬೇಲಿಗೆ ತೂಗಿಬಿದ್ದ ಉದ್ದನೆಯ ಪೊರೆಗಳನ್ನು ಕಂಡು ಬೆಳೆದ ಅಮ್ಮ, “ಕಣ್ಣಿನ ಬಿಲ್ಲೆ ಎಲ್ಲಿ?” ಎಂದಳು. ಚೂರುಗಳನ್ನೆಲ್ಲ ಬಿಡಿಸಿ ಹುಡುಕಿದೆವು. ಸಿಕ್ಕಿದ್ದು ಒಂದೇ. ಹಾವಿನ ಎಡಗಣ್ಣು ಸುಕ್ಕುಗಟ್ಟಿ, ಬೆಳ್ಳಿಯ ರೇಕು ಅಂಟಿಸಿದಂತೆ ಕಾಣುತ್ತಿತ್ತು.

ತಪ್ಪು ನನ್ನದೇ. ಹೊರಗೆ ಮಂಜು ಸುರಿಯುತ್ತಿದ್ದರೂ ಹೀಟರು ಉರಿಯುವ ಕೋಣೆಯ ಗಾಳಿ ಒಣಗಿರುತ್ತದೆಂದು ನನಗೆ ಹೊಳೆದಿರಲಿಲ್ಲ. ಪೆಟ್ಟಿಗೆಯೊಳಗಿನ ತೇವಾಂಶದ ಮಾಪಕ 28 ತೋರಿಸುತ್ತಿತ್ತು. ಅದು 60ರ ಆಸುಪಾಸಿನಲ್ಲಿರಬೇಕೆಂದು ಹುಡುಗ ಬರೆದಿಟ್ಟ ಚೀಟಿಯನ್ನು ನಾನು ಓದಿರಲಿಲ್ಲ. ಆಗುಂಬೆಯ ಮಳೆಯ ಸೆರಗಿನಲ್ಲಿ ಹುಟ್ಟಿದವನಿಗೆ ತೇವವೆಂಬುದು ಕೊಟ್ಟು ಕಾಪಾಡಬೇಕಾದ ವಸ್ತುವೆಂದು ಅನ್ನಿಸುವುದೇ ಇಲ್ಲ.

ಆ ರಾತ್ರಿ ಚಿಮುಟ ಹಿಡಿದು ಕುಳಿತೆ. ಆ ಬಿಲ್ಲೆಯ ಅಂಚನ್ನು ಮೆಲ್ಲಗೆ ಎತ್ತಿಬಿಟ್ಟರೆ ಮುಗಿಯಿತೆಂಬ ಲೆಕ್ಕ. ಅಮ್ಮ ಬಾಗಿಲಲ್ಲಿ ನಿಂತು, “ನನ್ನ ಕಣ್ಣಿನ ಪೊರೆಯನ್ನೂ ನೀನೇ ತೆಗೆದೆಯಾ?” ಎಂದಳು. ಚಿಮುಟ ಕೆಳಗಿಟ್ಟೆ.

ಮರುದಿನ ಫೋನು ಮಾಡಿದ ಎರಡು ಚಿಕಿತ್ಸಾಲಯಗಳು ನಾಯಿ ಬೆಕ್ಕು ಮಾತ್ರ ನೋಡುವುದೆಂದವು. ಮೂರನೆಯ ಕಡೆ ಸಿಕ್ಕ ವೈದ್ಯೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಕಣ್ಣಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳಂಥ ಉಣ್ಣೆಹುಳುಗಳಿವೆಯೇ, ಬಾಯೊಳಗೆ ಕೀವಿದೆಯೇ, ಬಾಲದ ತುದಿಯಲ್ಲಿ ಒಣ ಪೊರೆ ಬಳೆಯಂತೆ ಬಿಗಿದು ರಕ್ತ ತಡೆದಿದೆಯೇ ಎಂದು ಪರೀಕ್ಷಿಸಿದರು. ಯಾವುದೂ ಇರಲಿಲ್ಲ. ಅಮ್ಮನ ಕಣ್ಣಿನ ಔಷಧಿಯನ್ನೇ ಎರಡು ಹನಿ ಹಾಕಬಹುದೇ ಎಂದು ಕೇಳಿದೆ. ಹುರುಪೆಯನ್ನು ದಾಟಿ ಹನಿ ಒಳಗಿಳಿಯುವುದಿಲ್ಲ ಎಂದು ಅವರು ನಕ್ಕರು. ಚಿಮುಟದ ಮಾತು ಕೇಳಿದಾಗ ನಗಲಿಲ್ಲ. ಹಳೆಯ ಬಿಲ್ಲೆಯೊಡನೆ ಕೆಳಗಿನ ಜೀವಂತ ಹುರುಪೆಯೂ ಕಿತ್ತುಬಂದರೆ ಕಣ್ಣು ಒಣಗಿ ಹೋಗಿಯೇಬಿಡುತ್ತದಂತೆ. ಅದು ಬರಿಯ ಗಾಜಲ್ಲವೆಂದು ಆಮೇಲೆ ಓದಿ ತಿಳಿದೆ: ಅದರೊಳಗೆ ರಕ್ತನಾಳಗಳಿವೆ. ಬೆದರಿದ ಹಾವಿನ ಹುರುಪೆಯಲ್ಲಿ ರಕ್ತದ ಹರಿವು ತಗ್ಗಿ, ನೋಟಕ್ಕೆ ಅಡ್ಡಿಯಾಗದಂತಾಗುವುದನ್ನು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ.

ವೈದ್ಯೆ ಕೊಟ್ಟ ಚಿಕಿತ್ಸೆಯೆಂದರೆ ನೀರು ಮತ್ತು ತಾಳ್ಮೆ. ಮುಚ್ಚಳದ ಡಬ್ಬಿಗೆ ತೂತು ಕೊರೆದು, ಒದ್ದೆ ಪಾಚಿ ತುಂಬಿ ಪೆಟ್ಟಿಗೆಯಲ್ಲಿಡುವುದು. ಮೈಗಂಟಿದ ಚೂರುಗಳಿಗೆ ಉಗುರುಬೆಚ್ಚಗಿನ ನೀರಿನಲ್ಲಿ, ಹೊಟ್ಟೆ ನೆನೆಯುವಷ್ಟೇ ಆಳದಲ್ಲಿ, 20 ನಿಮಿಷ ಬಿಟ್ಟು, ಪಕ್ಕದಿಂದ ಕದಲದೆ ಕಾಯುವುದು; ಬಳಿಕ ಒದ್ದೆ ಟವೆಲಿನ ನಡುವೆ ಹರಿದುಹೋಗಲು ಬಿಡುವುದು. ಕಣ್ಣನ್ನು ಮಾತ್ರ ಮುಟ್ಟದೆ ಮುಂದಿನ ಪೊರೆಗೆ ಕಾಯಬೇಕು. ಆದರೆ ಕಣ್ಣು ಉಬ್ಬಿತೋ, ಕಾಯಬಾರದು. ಹುರುಪೆಯ ಹಿಂದಿನ ದ್ರವ ಬಾಯಿಗಿಳಿಯುವ ನಾಳ ಕಟ್ಟಿಕೊಂಡರೆ, ಅಥವಾ ಬಾಯಿಯ ಸೋಂಕು ಅದೇ ದಾರಿಯಲ್ಲಿ ಮೇಲೇರಿದರೆ, ಕಣ್ಣು ಊದುತ್ತದೆ. ಆಗ ವೈದ್ಯರೇ ಹುರುಪೆಯಲ್ಲಿ ಸಣ್ಣ ಕಿಂಡಿ ಕೊಯ್ದು ಕೀವು ತೊಳೆಯಬೇಕು.

ಏನೂ ಮಾಡದಿರುವ ಚಿಕಿತ್ಸೆ ನನ್ನಂಥವನಿಗೆ ಕಷ್ಟ. ದಿನಕ್ಕೆ ಎರಡು ಬಾರಿ ಟಾರ್ಚು ಹಾಕಿ ನೋಡುತ್ತಿದ್ದೆ. ಅಮ್ಮ ಹೀಟರನ್ನು ತನ್ನ ಕೋಣೆಯಿಂದ ತೆಗೆಸಿ, ಎರಡು ರಜಾಯಿ ಹೊದ್ದು ಮಲಗತೊಡಗಿದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಹಾವಿಗೆ ಬೇಕಾದ ಬಿಸಿ ಪೆಟ್ಟಿಗೆಯ ಅಡಿಯ ಹಾಸಿನಿಂದಲೇ ಸಿಗುತ್ತಿತ್ತು. ಅವಳ ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಬೇಕಿತ್ತು. ಕೇಳಿದಾಗಲೆಲ್ಲ, “ಇದರದ್ದು ಆಗಲಿ” ಎನ್ನುತ್ತಿದ್ದಳು.

ಫೆಬ್ರವರಿಯ ಮೂರನೆಯ ವಾರ ಮೋತಿಯ ಕಣ್ಣುಗಳು ಮತ್ತೆ ನೀಲಿಯಾದವು, ತಿಳಿಯಾದವು. ಒಂದು ಭಾನುವಾರ ಬೆಳಿಗ್ಗೆ ಪಾಚಿಯ ಡಬ್ಬಿಯಿಂದ ಮೊಳದುದ್ದದ ಪೊರೆ, ಎಲ್ಲಿಯೂ ಹರಿಯದೆ, ಹೊರಗಿಳಿಬಿದ್ದಿತ್ತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. ಎಡಗಣ್ಣು ಮುಚ್ಚಿ, ಹೊಸ ಬಲಗಣ್ಣಿನಿಂದ ಹತ್ತಿರ ತಂದು ನೋಡಿದಳು. ಬಿಲ್ಲೆಗಳು ಎರಡೂ ಇದ್ದವು. ಎಡದ್ದರಲ್ಲಿ ಒಂದರ ಮೇಲೊಂದು ಎರಡು ಪದರ.

“ನಿನ್ನ ಡಾಕ್ಟರಿಗೆ ಫೋನು ಮಾಡು” ಎಂದಳು. ಯಾವ ಡಾಕ್ಟರಿಗೆಂದು ಕೇಳಿದೆ.

“ನನ್ನವರಿಗೆ.”