ಪಾರಿಜಾತ ಯಾರ ಪೈಕಿ?

ಪಾರಿಜಾತದ ಎಲೆ ಎಷ್ಟು ಒರಟೆಂದರೆ, ಹುಡುಗರಾಗಿದ್ದಾಗ ನಾವು ಅದರಿಂದ ಉಗುರು ಉಜ್ಜಿ ಹೊಳಪು ತರಿಸುತ್ತಿದ್ದೆವು. ಹಿಂದೆ ಮರವನ್ನು ನುಣುಪು ಮಾಡಲೂ ಅದು ಬಳಕೆಯಲ್ಲಿತ್ತು. ಪಾಪ, ಹೂವಿಗೆ ಸಂದ ಹೊಗಳಿಕೆಯಲ್ಲಿ ಎಲೆಗೆ ಕಾಸಿನ ಪಾಲೂ ದಕ್ಕಿಲ್ಲ. ಸತ್ಯಭಾಮೆ ಮುನಿಸಿಕೊಂಡದ್ದು, ಕೃಷ್ಣ ಇಂದ್ರನ ಮೇಲೆ ಹೋದದ್ದು, ಉತ್ತರ ಕರ್ನಾಟಕದ ಊರುಗಳಲ್ಲಿ ರಾತ್ರಿಯೆಲ್ಲ ಜನ ‘ಶ್ರೀಕೃಷ್ಣ ಪಾರಿಜಾತ’ದ ಆಟ ನೋಡಿದ್ದು, ಎಲ್ಲ ಹೂವಿನ ಸಲುವಾಗಿಯೇ.

ನಮ್ಮ ದೊಡ್ಡಮ್ಮನಿಗೆ ಮದುವೆಮನೆಯಲ್ಲಿ ಯಾರು ಎದುರಾದರೂ ಒಂದೇ ಪ್ರಶ್ನೆ: ‘ನೀವು ಯಾರ ಪೈಕಿ?’ ಉತ್ತರ ಮುತ್ತಜ್ಜನ ತನಕ ಮುಟ್ಟದೆ ಆಕೆ ಎಲೆಯ ಮುಂದೆ ಕೂರುತ್ತಿರಲಿಲ್ಲ. ಆ ಚಾಳಿ ನನಗೂ ಬಂತು, ಗಿಡಗಳ ವಿಷಯದಲ್ಲಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಆಕೆಯ ಹಿತ್ತಿಲ ಪಾರಿಜಾತದ ಮನೆತನ ಹುಡುಕಿದರೆ ಪುಸ್ತಕಕ್ಕೊಂದು ಉತ್ತರ. ಒಂದು ಅದನ್ನು ಮಲ್ಲಿಗೆಯ ಕುಲಕ್ಕೆ ಸೇರಿಸಿತ್ತು, ಇನ್ನೊಂದು ತೇಗದ ಕುಲಕ್ಕೆ. ಮೂರನೆಯದು ಯಾರ ಗೊಡವೆಯೂ ಬೇಡವೆಂದು ನಿಕ್ಟಾಂಥೇಸಿ ಎಂಬ ಪುಟ್ಟ ಸಂಸಾರವನ್ನೇ ಬೇರೆ ಹೂಡಿಕೊಟ್ಟಿತ್ತು. ಅದರಲ್ಲಿ ಇರುವುದೇ ಎರಡು ಪ್ರಭೇದ: ನಮ್ಮ ಪಾರಿಜಾತ, ಮತ್ತು ಥಾಯ್ಲೆಂಡ್ ಕಡೆಯ ಇನ್ನೊಂದು.

ಪರದೇಶದವರ ಕಣ್ಣಿಗೆ ಪಾರಿಜಾತ ಬಿದ್ದದ್ದು ಬಹಳ ಹಿಂದೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ತಾ 1563ರ ತನ್ನ ಪುಸ್ತಕದಲ್ಲಿ ಇದನ್ನು ದುಃಖದ ಮರವೆಂದು ಕರೆದು, ಸೂರ್ಯನಿಗೆ ಮನಸೋತು ಪ್ರಾಣ ಕಳೆದುಕೊಂಡ ಹುಡುಗಿಯ ಕತೆಯನ್ನೂ ಬರೆದಿಟ್ಟ. ಮಲಬಾರಿನ ಗಿಡಗಳ ಗ್ರಂಥ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಇದರ ಚಿತ್ರ ಬಂತು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್. ಅವನ ಪದ್ಧತಿ ಸರಳ: ಕೇಸರ ಎಣಿಸು, ಗುಂಪಿಗೆ ಹಾಕು. ಪಾರಿಜಾತದ ಹೂವಿನಲ್ಲಿ ಕೇಸರ ಎರಡು, ಮಲ್ಲಿಗೆಯಲ್ಲೂ ಎರಡು. ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ. ಅಷ್ಟಕ್ಕೇ ಬಿಡದೆ ನಮ್ಮ ದುಂಡುಮಲ್ಲಿಗೆಗೂ ನಿಕ್ಟಾಂಥಿಸ್ ಎಂದೇ ಹೆಸರಿಟ್ಟ! 1789ರಲ್ಲಿ ಐಟನ್ ಎಂಬ ಸಸ್ಯವಿಜ್ಞಾನಿ ದುಂಡುಮಲ್ಲಿಗೆಯನ್ನು ಬಿಡಿಸಿ ಮಲ್ಲಿಗೆಗಳ ಜೊತೆ ಸೇರಿಸಿದ.

ಪಾರಿಜಾತದ ಆ ಎರಡು ಕೇಸರ ಸುಮ್ಮನೆ ಕಾಣುವಂಥವಲ್ಲ. ಬ್ಲೇಡಿನಿಂದ ಹೂವಿನ ಕಿತ್ತಳೆ ಬಣ್ಣದ ಕೊಳವೆಯನ್ನು ಸೀಳಿ ಮಸೂರ ಹಿಡಿದಾಗ, ಕೊಳವೆಯ ಬಾಯಿಯ ಒಳಗೇ ದಂಟಿಲ್ಲದೆ ಅಂಟಿಕೊಂಡಿದ್ದವು. ಬೆರಳೆಲ್ಲ ಹಳದಿ. ಕೊಳವೆಯಲ್ಲಿರುವ ಬಣ್ಣ ಕ್ರೋಸೆಟಿನ್ ಬಳಗದ್ದು. ಕಾಶ್ಮೀರದ ಕೇಸರಿಗೂ ಅದೇ ಬಣ್ಣ ಕೊಡುತ್ತದೆ. ಹಿಂದೆ ರೇಷ್ಮೆಗೆ ಪಾರಿಜಾತದ ಈ ಬಣ್ಣ ಹಾಕುತ್ತಿದ್ದರು.

ಆದರೆ ಲಿನೇಯಸ್‌ನ ಲೆಕ್ಕ ಮುಂದಿನವರಿಗೆ ತೀರ ಬಾಲಿಶವೆನಿಸಿತು. ಎರಡೇ ಕೇಸರದ ಬಲದ ಮೇಲೆ ನೆಂಟಸ್ತಿಕೆಯೇ? ಪಾರಿಜಾತದ ರೆಂಬೆ ಮುಟ್ಟಿ ನೋಡಿ, ನಾಲ್ಕು ಮೂಲೆ ಕೈಗೆ ತಾಗುತ್ತದೆ. ಎಳೆಯ ತೇಗದ ಕೊಂಬೆಯೂ ಹಾಗೆಯೇ. 1952ರಲ್ಲಿ ಕ್ಯೂ ಉದ್ಯಾನದ ಏರಿ ಶಾ ಇದನ್ನು ಆಗ ತೇಗವಿದ್ದ ವರ್ಬಿನೇಸಿ ಕುಲಕ್ಕೆ ಒಯ್ದರು. ಜೊತೆಗೆ ಥಾಯ್ಲೆಂಡಿನ ಡಿಮೆಟ್ರಾ ಎಂಬ ಗಿಡವನ್ನೂ. ತಮಾಷೆಯೆಂದರೆ ಆ ತೇಗವೇ ಈಗ ತುಳಸಿಯ ಕುಲ ಸೇರಿದೆ.

ತೀರ್ಪು ಬಂದದ್ದು ಡಿಎನ್‌ಎಯಿಂದ. 2000ದಲ್ಲಿ ವಾಲಾಂಡರ್ ಮತ್ತು ಆಲ್ಬರ್ಟ್ ಪ್ರಕಟಿಸಿದ ವಂಶವೃಕ್ಷದಲ್ಲಿ ಪಾರಿಜಾತ ಮರಳಿ ಮಲ್ಲಿಗೆ, ಆಲಿವ್‌ಗಳ ಓಲಿಯೇಸಿಗೇ ಬಂತು. ಡಿಮೆಟ್ರಾ ಕೈಬಿಡಲಿಲ್ಲ. ಇನ್ನೊಂದು ಹತ್ತಿರದ ನೆಂಟ ಮಿಕ್ಸೊಪೈರಮ್, ನಮ್ಮ ಪಶ್ಚಿಮ ಘಟ್ಟದಲ್ಲೂ ಹಬ್ಬುವ ಬಳ್ಳಿ. ಅದರ ಕಾಂಡಕ್ಕೂ ನಾಲ್ಕು ಮೂಲೆ! ಪಾರಿಜಾತವನ್ನು ಪರರ ಮನೆಗೆ ಸಾಗಿಸಲು ಸಾಕ್ಷಿಯಾದ ಚೌಕ ಕಾಂಡ ಸ್ವಂತ ಮನೆಯಲ್ಲೇ ಇತ್ತು. ನನಗಂತೂ ಲಿನೇಯಸ್‌ನ ಮೇಲೆ ಗೌರವ ಹೆಚ್ಚಿತು.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ನೆಲಕ್ಕೆ ಬಿದ್ದರೂ ದೇವರಿಗೆ ಸಲ್ಲುವ ಹೂವಾದ್ದರಿಂದ ಬಟ್ಟೆ ಹಾಸಿ ಆಯುತ್ತಿದ್ದ ಆಕೆ ತಲೆಯೆತ್ತದೆ ಕೇಳಿದಳು: ‘ಮಲ್ಲಿಗೆಯ ಪೈಕಿ ಅಂತೀಯ. ಉಡುಪಿಯ ಮಲ್ಲಿಗೆ ಅಟ್ಟಿಗಟ್ಟಲೆ ಮುಂಬಯಿಗೆ ಹೋಗುತ್ತದೆ, ಇದು ಬಿಸಿಲೇರುವ ಹೊತ್ತಿಗೆ ನಮ್ಮ ಬೀದಿ ಕೊನೆಯನ್ನೂ ಮುಟ್ಟುವುದಿಲ್ಲವಲ್ಲೋ?’